ಅಗ್ಗದ ಪೆಟ್ಟಿಗೆಯ ಗುಂಜಾರವ

ಗಿಟಾರಿನ ತಂತಿಯನ್ನು ಬೆರಳು ಮುಟ್ಟುವುದಕ್ಕೆ ಮುನ್ನವೇ, ವಾಲ್ವುಗಳು ಕಾದ ಮರುಕ್ಷಣದಿಂದ ಆಂಪ್ಲಿಫಯರಿನ ಒಡಲಲ್ಲಿ ಏಳುವ ಆ ಮಂದ್ರ ಗುಂಜಾರವವು ಯಾವನೋ ಕುಶಲಕರ್ಮಿಯ ಅಜಾಗರೂಕತೆಯಿಂದ ಹುಟ್ಟಿದುದಲ್ಲ. ವಾಲ್ವನ್ನು ಬ್ಯಾಟರಿಯಿಂದ ಬಿಡಿಸಿ ಗೋಡೆಯ ಪ್ಲಗ್ಗಿಗೆ ತಂದು ಕಟ್ಟಿದಂದೇ ಅದು ಜನ್ಮ ತಾಳಿತು. 1927ರಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆ ಹೊರತಂದ ಯುವೈ-227 ಎಂಬ ವಾಲ್ವಿನಲ್ಲಿ ಕಾಯಿಸುವ ತಂತು ಬೇರೆ, ಎಲೆಕ್ಟ್ರಾನುಗಳನ್ನು ಹೊಮ್ಮಿಸುವ ಕ್ಯಾಥೋಡಿನ ಕೊಳವೆ ಬೇರೆ. ಕೊಳವೆಯು ಮೆಲ್ಲಗೆ ಕಾದು ಮೆಲ್ಲಗೆ ಆರುವುದರಿಂದ, ಮನೆಯ ಕರೆಂಟಿನ ಏರಿಳಿತವನ್ನು ಬಹುಮಟ್ಟಿಗೆ ತಾನೇ ನುಂಗಿಕೊಳ್ಳುತ್ತಿತ್ತು. ಬಹುಮಟ್ಟಿಗೆ ಎಂದೆ; ಪೂರ್ತಿಯಾಗಿ ಅಲ್ಲ.

ಮುಂದೆ ಕ್ಯಾಲಿಫೋರ್ನಿಯದ ಫುಲ್ಲರ್ಟನ್ನಿನಲ್ಲಿ, ಮೊದಲು ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್, 1950ರ ದಶಕದಲ್ಲಿ ಕಲಿಯುವ ಹುಡುಗರಿಗೆಂದು ಚಾಂಪ್ ಎಂಬ ಸಣ್ಣ ಪೆಟ್ಟಿಗೆಯನ್ನು ಮಾರಿದನು. ಅದರಲ್ಲಿದ್ದುದು ಮೂರೇ ವಾಲ್ವು, ಶಕ್ತಿ ಸುಮಾರು 5 ವಾಟ್. ದೊಡ್ಡ ಯಂತ್ರಗಳಲ್ಲಿ ಎರಡು ಪವರ್ ವಾಲ್ವುಗಳು ಎದುರುಬದುರಾಗಿ ದುಡಿಯುವುದರಿಂದ ಕರೆಂಟಿನ ಕಲ್ಮಷವು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಪರಸ್ಪರ ಅಳಿಸಿಹೋಗುತ್ತದೆ. ಚಾಂಪಿನ ಒಂಟಿ ಪವರ್ ವಾಲ್ವಾದ 6ವಿ6ಗೆ ಆ ಜೊತೆಗಾರನಿಲ್ಲ. ಉಳಿಸಿದ ಕಾಸೆಲ್ಲ ಹೀಗೆ ಕಿವಿಗೇ ಬಂದು ಲೆಕ್ಕ ಕೇಳುತ್ತಿತ್ತು. ನುರಿತ ರಿಪೇರಿಯವನಿಗೆ ಸದ್ದೇ ರೋಗಲಕ್ಷಣ: ಅಮೆರಿಕದ ಕರೆಂಟಿನದೇ 60 ಆವರ್ತದ್ದಾದರೆ ಕಾಯಿಸುವ ತಂತಿಗಳನ್ನು ಶಂಕಿಸುವನು, ಒಂದು ಸ್ಥಾಯಿ ಮೇಲಿನ 120ರದಾದರೆ ಒಣಗಿದ ಫಿಲ್ಟರ್ ಕಂಡೆನ್ಸರನ್ನು. (1961ರಿಂದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸತೊಡಗಿದ ವಾಲ್ವುಗಳನ್ನು ಬಳಸಿದ ನಮ್ಮವರಿಗೆ, ಇಲ್ಲಿನ ಕರೆಂಟಿನ ಆವರ್ತವೇ ಬೇರೆಯಾದ್ದರಿಂದ, ಇದೇ ಶ್ರುತಿ 50 ಮತ್ತು 100.)

ಇನ್ನೂ ಅಗ್ಗದವುಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರನ್ನೇ ಬಿಟ್ಟು, ವಾಲ್ವುಗಳ ತಂತುಗಳನ್ನು ಸಾಲಾಗಿ ಪೋಣಿಸಿ ನೇರ ಮನೆಯ ಕರೆಂಟಿಗೆ ಜೋಡಿಸುತ್ತಿದ್ದರು. ಗುಂಯ್‌ಗುಟ್ಟಿದರೆ ಪ್ಲಗ್ಗನ್ನು ತಿರುವಿ ಹಾಕುವುದು ಬಳಕೆಯ ಉಪಾಯ. ಸದ್ದೇನೋ ಕೆಲವೊಮ್ಮೆ ಇಳಿಯುತ್ತಿತ್ತು, ಆದರೆ ಷಾಸಿಗೆ, ಅಂದರೆ ಲೋಹದ ಚೌಕಟ್ಟಿಗೆ, ಜೀವಂತ ಕರೆಂಟು ಏರಿ, ಗಿಟಾರಿನ ತಂತಿ ಹಿಡಿದವನಿಗೆ ಪ್ರಾಣಸಂಕಟವಾಗುವ ಸಂಭವವೂ ಇತ್ತು. ಇದನ್ನು ಮಿತವ್ಯಯವೆನ್ನಲು ನನಗೆ ಮನಸ್ಸು ಬಾರದು.

1955ರಲ್ಲಿ ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಪೇಟೆಂಟಿಗೆ ಅರ್ಜಿ ಹಾಕಿ 1959ರಲ್ಲಿ ಪಡೆದ, ಗಿಟಾರಿನಲ್ಲೇ ಕೂರುವ ಹಂಬಕರ್ ಪಿಕಪ್ಪಿನಲ್ಲಿ ಎರಡು ಸುರುಳಿಗಳು ಹೊರಗಿನ ಗುಂಜಾರವವನ್ನು ವಿರುದ್ಧ ದಿಕ್ಕಿನಲ್ಲಿ ಹಿಡಿದು ಕಳೆದುಬಿಡುತ್ತವೆ. ಆಂಪ್ಲಿಫಯರು ತಾನೇ ಹುಟ್ಟಿಸುವ ಸದ್ದಿಗೆ ಅದು ಮದ್ದಲ್ಲ. ಆದರೆ ಅದೇ ತತ್ತ್ವವನ್ನು ರಿಪೇರಿಯವನು ಕಾಸಿನ ಖರ್ಚಿಲ್ಲದೆ ನಡೆಸುತ್ತಿದ್ದನು: ಒಂದು ತುದಿಯನ್ನು ಷಾಸಿಗೆ ಬೆಸೆದು ಕೈತೊಳೆದುಕೊಂಡಿದ್ದ ಹಳೆಯ ಜೋಡಣೆಯನ್ನು ಬಿಚ್ಚಿ, ವಾಲ್ವನ್ನು ಕಾಯಿಸುವ 6.3 ವೋಲ್ಟಿನ ಎರಡು ತಂತಿಗಳನ್ನು ಬಿಗಿಯಾಗಿ ಹುರಿ ಹೊಸೆದು, ಹೋಗುವ ಪ್ರವಾಹವೂ ಬರುವ ಪ್ರವಾಹವೂ ಒಂದರ ಕ್ಷೇತ್ರವನ್ನೊಂದು ತೊಡೆಯುವಂತೆ ಮಾಡಿ, ಗಿಟಾರಿನ ಸಣ್ಣ ಸಂಕೇತ ಹೊತ್ತ ತಂತಿಗಳಿಂದ ದೂರ, ಷಾಸಿಯ ಮೂಲೆಗುಂಟ ಒತ್ತಿಸಿ ಕೂರಿಸುವುದು.