ಸರ್ ಥಾಮಸ್ ಮನ್ರೋ ಮತ್ತು ದತ್ತಮಂಡಲ

ಅರಸನು ಚಾರಚಕ್ಷುವೆಂಬುದು ನಮ್ಮ ನೀತಿಶಾಸ್ತ್ರಕಾರರ ಮತ. ಆದರೆ ಶತ್ರುವಿನ ಬಲಾಬಲಗಳನ್ನು ನೋಡಿ ಪಳಗಿದ ಕಣ್ಣನ್ನೇ ಪ್ರಜೆಯ ಸುಖದುಃಖಗಳ ಕಡೆಗೂ ತಿರುಗಿಸಿದ ಅಧಿಕಾರಿಗಳು ವಿರಳ. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಚರಿತ್ರೆಯಲ್ಲಿ ಅಂತಹವನೊಬ್ಬನುಂಟು. ಆತನೇ ಸರ್ ಥಾಮಸ್ ಮನ್ರೋ.

ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವರ್ತಕನೊಬ್ಬನ ಮಗನಾಗಿ 1761ರ ಮೇ 27ರಂದು ಜನಿಸಿದನು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಓದಿ, ವ್ಯಾಪಾರದ ಕೋಠಿಯೊಂದರಲ್ಲಿ ಗುಮಾಸ್ತನಾಗಿದ್ದನು. ಅಮೆರಿಕದ ಯುದ್ಧದಿಂದ ತಂದೆಯ ವ್ಯಾಪಾರವು ಕೆಡಲಾಗಿ, ಕಂಪೆನಿಯ ದಂಡನ್ನು ಸೇರಿ 1780ರ ಜನವರಿಯಲ್ಲಿ ಮದರಾಸಿಗೆ ಬಂದನು. ಹೈದರಾಲಿಯೊಡನೆ ನಡೆದ ಯುದ್ಧದಲ್ಲಿ ಕಾದಿದನು. ಪಾರಸಿ, ಹಿಂದೂಸ್ತಾನಿ ಭಾಷೆಗಳನ್ನು ಕಲಿತನು. ಭಾಷೆ ಬಲ್ಲವನೆಂಬ ಕಾರಣದಿಂದ 1788ರಲ್ಲಿ ಕ್ಯಾಪ್ಟನ್ ರೀಡನ ಕೈಕೆಳಗೆ ಸೈನ್ಯದ ಗುಪ್ತವಾರ್ತಾ ಶಾಖೆಗೆ ನೇಮಕಗೊಂಡನು. 1792ರಲ್ಲಿ ಟೀಪುವಿನಿಂದ ಬಾರಾಮಹಲು ಕಂಪೆನಿಗೆ ಬಂದಾಗ, ಅದೇ ರೀಡನ ಜತೆಯಲ್ಲಿ ಅಲ್ಲಿಯ ಕಂದಾಯದ ಕೆಲಸಕ್ಕೆ ತೊಡಗಿದನು.

1800ರಲ್ಲಿ ನಿಜಾಮನು ತನಗೆ ಮೈಸೂರಿನ ಯುದ್ಧಗಳಿಂದ ದೊರೆತಿದ್ದ ಬಳ್ಳಾರಿ ಮೊದಲಾದ ಸೀಮೆಗಳನ್ನು ಸೈನ್ಯದ ವೆಚ್ಚಕ್ಕಾಗಿ ಕಂಪೆನಿಗೆ ಬಿಟ್ಟುಕೊಟ್ಟನು. ಇದೇ ದತ್ತಮಂಡಲ. ಮನ್ರೋ ಇದರ ಪ್ರಧಾನ ಕಲೆಕ್ಟರನಾದನು. ಸುಮಾರು 80 ಮಂದಿ ಪಾಳೆಯಗಾರರು ಹಳ್ಳಿಗಳನ್ನು ಹಿಂಡುತ್ತಿದ್ದ ಕಾಲವದು. ಆತನು ಅವರ ಬಲವನ್ನು ಮುರಿದನು. ವರ್ಷಗಟ್ಟಲೆ ಡೇರೆಯಲ್ಲಿಯೇ ವಾಸಿಸುತ್ತ ಊರೂರು ಸಂಚರಿಸಿ, ಗೌಡ ಶಾನುಭೋಗರ ಲೆಕ್ಕವನ್ನು ಮಾತ್ರ ನಂಬದೆ, ರೈತರೊಡನೆ ನೇರವಾಗಿ ಮಾತನಾಡಿ ವಿಷಯವನ್ನು ತಿಳಿದನು. 1802ರಲ್ಲಿ ಹೊಲಗದ್ದೆಗಳ ಅಳತೆ ಮೊದಲಾಯಿತು. ವಿಜಯನಗರದರಸರ ಕಾಲುವೆಗಳಿಂದ ತುಂಗಭದ್ರೆಯ ನೀರುಣ್ಣುವ ಹೊಸಪೇಟೆ ಕಂಪ್ಲಿಗಳ ಗದ್ದೆಗೂ, ಮಳೆಯನ್ನೇ ನೆಚ್ಚಿದ ಖುಷ್ಕಿ ನೆಲಕ್ಕೂ ಒಂದೇ ದರ ಸಲ್ಲದಷ್ಟೆ. ಶತ್ರುವಿನ ವೃತ್ತಾಂತವನ್ನು ಕದ್ದು ತರಬಹುದು. ರೈತನ ವೃತ್ತಾಂತವನ್ನು ಅವನ ಹೊಲದ ಬದುವಿನ ಮೇಲೆ ನಿಂತೇ ಕೇಳಬೇಕು.

ಆದರೂ ಈ ತಿಳಿವಳಿಕೆಯು ಮೊದಲು ಸರಕಾರದ ಬೊಕ್ಕಸಕ್ಕೇ ಒದಗಿತೆಂಬುದನ್ನು ಮರೆಮಾಚಲಾಗದು. ಕಂದಾಯವು ಬಹಳವಾಗಿ ಏರಿತು. ಭಾರವು ಹೆಚ್ಚೆಂಬುದನ್ನು ಮನ್ರೋ ತಾನೇ ಕಂಡುಕೊಂಡು, 1807ರಲ್ಲಿ ಸ್ವದೇಶಕ್ಕೆ ಹೊರಡುವ ಮುನ್ನ, ನೂರಕ್ಕೆ 25ರಂತೆ ಇಳಿಸಬೇಕೆಂದು ಬರೆದನು. ಮೇಲಿನವರು ಒಪ್ಪಲಿಲ್ಲ. ಬದಲಿಗೆ ಗ್ರಾಮಗಳನ್ನೇ ಇಜಾರೆಗೆ ಕೊಟ್ಟರು. ಅನೇಕ ಇಜಾರೆದಾರರು ದಿವಾಳಿಯಾದರು, ರೈತರು ಬಡವಾದರು. ಮನ್ರೋ 1820ರಲ್ಲಿ ಮದರಾಸಿನ ಗವರ್ನರನಾದ ಮೇಲೆಯೇ ಆ ಇಳಿತವು ಜಾರಿಗೆ ಬಂದಿತು. ತಿಳಿದವನ ಮಾತು ಅಧಿಕಾರವನ್ನು ಮುಟ್ಟಲು 13 ವರ್ಷ ಹಿಡಿಯಿತು. ಆ ಅವಧಿಯ ಬೆಲೆಯನ್ನು ತೆತ್ತವನು ಒಕ್ಕಲಿಗ.

ಸಂಡೂರಿನ ಪ್ರಕರಣವೂ ಆತನ ಸ್ವಭಾವವನ್ನು ತೋರಿಸುತ್ತದೆ. ಆ ಸಂಸ್ಥಾನವನ್ನು ಘೋರ್ಪಡೆ ಮನೆತನದ ಶಿವರಾಯನು ಆಳುತ್ತಿದ್ದನು. ಪೇಶ್ವೆ ಎರಡನೆಯ ಬಾಜೀರಾಯನು ಅದು ತನ್ನದೆಂದು ಹಟಹಿಡಿದು, ಕಂಪೆನಿಯ ಸಹಾಯ ಬೇಡಿದನು. 1817ರ ಅಕ್ಟೋಬರಿನಲ್ಲಿ ಮನ್ರೋ ಧಾರವಾಡದಿಂದ ದಂಡೆತ್ತಿ ಬಂದನು. ಬೆಟ್ಟಗಳಿಂದ ಸುತ್ತುವರಿದ ಆ ಕಣಿವೆಯಲ್ಲಿ ಕಾದಬಹುದಾಗಿದ್ದರೂ, ಶಿವರಾಯನು ರಕ್ತಪಾತಕ್ಕೆ ಎಡೆಗೊಡದೆ ರಾಜ್ಯವನ್ನು ಒಪ್ಪಿಸಿದನು. ಆಜ್ಞೆಯನ್ನು ನೆರವೇರಿಸಿದ ಮನ್ರೋವಿನ ಮನಸ್ಸು ಮಾತ್ರ ಸಮಾಧಾನಗೊಳ್ಳಲಿಲ್ಲ. ಪೇಶ್ವೆಯೇ ಕಂಪೆನಿಯ ಮೇಲೆ ತಿರುಗಿಬಿದ್ದು ಪದಚ್ಯುತನಾದಾಗ, 1818ರಲ್ಲಿ ಮನ್ರೋವಿನ ಶಿಫಾರಸಿನಂತೆ ಸಂಡೂರು ಮತ್ತೆ ಶಿವರಾಯನಿಗೆ ಸಂದಿತು. 1826ರಲ್ಲಿ, ಮನ್ರೋ ಗವರ್ನರನಾಗಿದ್ದಾಗಲೇ, ಸನದೂ ದೊರೆಯಿತು. 1949ರಲ್ಲಿ ಭಾರತ ಒಕ್ಕೂಟದಲ್ಲಿ ವಿಲೀನವಾಗುವವರೆಗೆ ಆ ಸಂಸ್ಥಾನವು ಉಳಿಯಿತು.

ಸ್ವದೇಶಕ್ಕೆ ಮರಳುವ ಮುನ್ನ ದತ್ತಮಂಡಲವನ್ನು ಕಡೆಯ ಸಲ ನೋಡಲೆಂದು ಬಂದ ಮನ್ರೋ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ಮೃತನಾದನು. ಆತನು ಪರರಾಜ್ಯದ ಸೇವಕನಾಗಿಯೇ ಬಂದನು, ಸೇವಕನಾಗಿಯೇ ಅಳಿದನು. ಅಳೆದ ಹೊಲಕ್ಕೆ ತೆರಿಗೆ ವಿಧಿಸಿದವನೂ ಆತನೇ, ಅದು ಹೆಚ್ಚಾಯಿತೆಂದು ಬರೆದವನೂ ಆತನೇ. ಇವೆರಡನ್ನೂ ಒಟ್ಟಿಗೆ ನೆನೆದಲ್ಲದೆ ಈ ಸೀಮೆಯ ಆ ಕಾಲದ ಚರಿತ್ರೆಯು ಪೂರ್ಣವಾಗದು.