ಆಯ್ಕೆ ಯಾರಿಗೆ? ‘ಮೈನಾರಿಟಿ ರಿಪೋರ್ಟ್’ ಕುರಿತು ಒಂದು ಟಿಪ್ಪಣಿ

ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಮೈನಾರಿಟಿ ರಿಪೋರ್ಟ್’ (2002) ಚಿತ್ರದ ಚರ್ಚೆ ಸಾಮಾನ್ಯವಾಗಿ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತದೆ: ಮುಂದಾಗುವುದು ಮೊದಲೇ ಗೊತ್ತಾಗುವುದಾದರೆ ಮನುಷ್ಯನಿಗೆ ಸ್ವಂತ ಇಚ್ಛೆ ಉಂಟೇ? ಉಂಟು ಎನ್ನುತ್ತದೆ ಚಿತ್ರ. ಆದರೆ ಆ ಇಚ್ಛೆಯನ್ನು ಚಲಾಯಿಸುವ ಅವಕಾಶ ಕಥೆಯೊಳಗೆ ಯಾರಿಗೆ ಸಿಗುತ್ತದೆ ಎಂಬುದನ್ನು ನೋಡಿದವರು ಕಡಿಮೆ. ಈ ಟಿಪ್ಪಣಿ ಅಷ್ಟಕ್ಕೇ ಸೀಮಿತ.

ಕಾಲ 2054, ಸ್ಥಳ ವಾಷಿಂಗ್ಟನ್. ನೀರಿನ ತೊಟ್ಟಿಯಲ್ಲಿ ಮಲಗಿದ ಮೂವರು ‘ಪ್ರಿಕಾಗ್’ಗಳು ಕೊಲೆಗಳನ್ನು ಮುಂಚೆಯೇ ಕಾಣುತ್ತಾರೆ, ಕೊಲೆಯಾಗುವವರ ಮತ್ತು ಕೊಲ್ಲುವವರ ಹೆಸರು ಕೆತ್ತಿದ ಮರದ ಚೆಂಡುಗಳು ಉರುಳಿ ಬೀಳುತ್ತವೆ, ‘ಪ್ರಿಕ್ರೈಮ್’ ಪೊಲೀಸರು ಹಾರಿ ಹೋಗಿ ಹಿಡಿಯುತ್ತಾರೆ. ಮೊದಲ ಪ್ರಕರಣ ಹೋವರ್ಡ್ ಮಾರ್ಕ್ಸ್ ಎಂಬ ಗೃಹಸ್ಥನದು. ಹೆಂಡತಿಯನ್ನು ಪ್ರಿಯಕರನೊಡನೆ ಕಂಡು ಕತ್ತರಿ ಎತ್ತಿದವನನ್ನು ಪೊಲೀಸರು ನುಗ್ಗಿ ಕೆಡವುತ್ತಾರೆ. ತಾನು ಏನೂ ಮಾಡುತ್ತಿರಲಿಲ್ಲ ಎಂದು ಅವನು ಗೋಗರೆಯುತ್ತಾನೆ. ಅದನ್ನು ನಂಬಬೇಕೆಂದು ನಾನು ಹೇಳುವುದಿಲ್ಲ. ಗಮನಿಸಬೇಕಾದದ್ದು ಕಾರ್ಯವಿಧಾನ: ಅವನ ಭವಿಷ್ಯದ ದೃಶ್ಯಗಳನ್ನು ಒಬ್ಬ ನ್ಯಾಯಮೂರ್ತಿ ಮತ್ತು ಒಬ್ಬ ವೈದ್ಯೆ ದೂರದಿಂದ ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಡುತ್ತಾರೆ. ನೋಡದೇ ಉಳಿಯುವವನು ಆರೋಪಿಯೊಬ್ಬನೇ. ತನ್ನ ವಿಧಿ ಅವನ ಕಿವಿಗೆ ಬೀಳುವುದು ಬಂಧನದ ಘೋಷಣೆಯಲ್ಲಿ, ಅಂದರೆ ಅದರಿಂದ ಯಾವ ಪ್ರಯೋಜನವೂ ಉಳಿಯದ ಹೊತ್ತಿನಲ್ಲಿ.

ಇದೇ ಹೊತ್ತಿಗೆ ಚಿತ್ರ ಇನ್ನೊಂದು ಮಾಹಿತಿಯನ್ನು ಮಾತಿನ ನಡುವೆ ತೇಲಿಬಿಡುತ್ತದೆ. ಪೂರ್ವಯೋಜಿತ ಕೊಲೆಗೆ ಕಂದು ಚೆಂಡು, ಆವೇಶದ ಕೊಲೆಗೆ ಕೆಂಪು. ಕಂದು ಚೆಂಡು ಬರುವುದೇ ಹೆಚ್ಚುಕಡಿಮೆ ನಿಂತಿದೆ. ಹಿಡಿಯುತ್ತಾರೆಂದು ತಿಳಿದ ಲೆಕ್ಕಾಚಾರದ ಕೊಲೆಗಾರರು ಹಿಂದೆ ಸರಿದಿದ್ದಾರೆ. ತಿಳಿವಳಿಕೆಯೇ ನಡತೆ ಬದಲಿಸುತ್ತದೆ ಎಂಬುದಕ್ಕೆ ವ್ಯವಸ್ಥೆಯ ಸ್ವಂತ ಕಡತವೇ ಸಾಕ್ಷಿ. ಹಾಗಿದ್ದೂ ಮಾರ್ಕ್ಸ್‌ನ ಮನೆಗೆ ಬೆಳಿಗ್ಗೆಯೇ ಒಂದು ಫೋನ್ ಹೋಗುವುದಿಲ್ಲ.

ಮುಖ್ಯಸ್ಥ ಜಾನ್ ಆಂಡರ್ಟನ್ ಚೆಂಡೊಂದನ್ನು ಮೇಜಿನ ಮೇಲೆ ಉರುಳಿಸಿ, ಇಲಾಖೆಯ ತಪಾಸಣೆಗೆ ಬಂದ ಅಧಿಕಾರಿ ವಿಟ್ವರ್ ಅದನ್ನು ಹಿಡಿದಾಗ, ತಡೆದ ಮಾತ್ರಕ್ಕೆ ಬೀಳುತ್ತಿರಲಿಲ್ಲ ಎನ್ನಲಾಗದು ಎಂದು ವಾದಿಸುವ ದೃಶ್ಯ ಪ್ರಸಿದ್ಧ. ವಾದ ಚುರುಕಾಗಿದೆ, ಆದರೆ ಚೆಂಡಿಗೆ ಕಿವಿಯಿಲ್ಲ. ಬ್ರಿಟನ್ನಿನ ಮಿದುಳು ವಿಜ್ಞಾನಿ ಡೊನಾಲ್ಡ್ ಮೆಕೇ 1960ರಲ್ಲಿ ‘ಮೈಂಡ್’ ಎಂಬ ತತ್ವಶಾಸ್ತ್ರ ಪತ್ರಿಕೆಯಲ್ಲಿ ಬರೆದ ಲೇಖನದ ತಿರುಳೂ ಇದೇ: ನನ್ನ ಆಯ್ಕೆಯ ಬಗೆಗಿನ ಮುನ್ಸೂಚನೆ ಹೊರಗಿನವನಿಗೆ ಎಷ್ಟೇ ಖಚಿತವಾಗಿದ್ದರೂ, ಅದನ್ನು ನನಗೇ ಹೇಳಿದ ಕ್ಷಣ ನಾನು ಅದನ್ನು ಒಪ್ಪಲೇಬೇಕೆಂಬ ತಾರ್ಕಿಕ ಕಟ್ಟು ಇಲ್ಲ.

ಫಿಲಿಪ್ ಕೆ. ಡಿಕ್ ಇದನ್ನು ಮೂಲಕಥೆಯಲ್ಲಿ (1956) ಕಥನದ ಯಂತ್ರವನ್ನಾಗಿಯೇ ಮಾಡಿದ್ದರು. ಅಲ್ಲಿ ಮೂರು ವರದಿಗಳು ಒಂದರ ಮೇಲೊಂದು ನಿಲ್ಲುತ್ತವೆ. ಮೊದಲನೆಯದರಲ್ಲಿ ಆಂಡರ್ಟನ್ ಕೊಲ್ಲುತ್ತಾನೆ. ಅದನ್ನು ಓದಿದ ಮೇಲೆ ಕೊಲ್ಲದಿರಲು ನಿರ್ಧರಿಸುತ್ತಾನೆ ಎನ್ನುತ್ತದೆ ಎರಡನೆಯದು. ಅದನ್ನೂ ಅರಿತು ಮತ್ತೆ ಕೊಲ್ಲುತ್ತಾನೆ ಎನ್ನುತ್ತದೆ ಮೂರನೆಯದು. ಎರಡರ ಫಲ ಒಂದೇ ಆದ್ದರಿಂದ ‘ಬಹುಮತ’ ಇದ್ದಂತೆ ತೋರುತ್ತದೆ. ವಾಸ್ತವದಲ್ಲಿ ಮೂರೂ ಬೇರೆ ಬೇರೆ ಭವಿಷ್ಯಗಳು. ಕೊನೆಗೆ ಆಂಡರ್ಟನ್ ವ್ಯವಸ್ಥೆಯನ್ನು ಉಳಿಸಲೆಂದೇ ಕೊಲ್ಲುತ್ತಾನೆ. ಇಂಥದ್ದು ಮತ್ತೆ ನಡೆದರೆ ಮುಂದಿನ ಪೊಲೀಸ್ ಮುಖ್ಯಸ್ಥನಿಗೆ ಮಾತ್ರ, ಮಾಹಿತಿ ಕೈಗೆಟುಕುವುದು ಅವನಿಗಷ್ಟೇ ಎಂಬ ಎಚ್ಚರಿಕೆಯನ್ನೂ ಅವನ ಬಾಯಿಂದಲೇ ಡಿಕ್ ಹೇಳಿಸುತ್ತಾರೆ.

ಚಿತ್ರ ಈ ಎಚ್ಚರಿಕೆಯನ್ನು ಕೈಬಿಟ್ಟಿತು, ಅದರ ತರ್ಕವನ್ನು ಬಿಡಲಾಗಲಿಲ್ಲ. ಮುನ್ನೋಟದ ಪ್ರಕಾರ ತಾನು ಕೊಲ್ಲಬೇಕಾಗಿದ್ದ ಲಿಯೋ ಕ್ರೋ ಎಂಬವನನ್ನು ಕೊಲ್ಲದೆ ಬಂಧಿಸಹೊರಟ ಆಂಡರ್ಟನ್ ಇಲಾಖೆಯ ಮುಖ್ಯಸ್ಥ. ಆಂಡರ್ಟನ್ನನನ್ನು ಕೊಲ್ಲಬೇಕಾಗಿದ್ದ ಬಂದೂಕನ್ನು ತನ್ನತ್ತಲೇ ತಿರುಗಿಸಿಕೊಂಡ ಲಮಾರ್ ಬರ್ಜೆಸ್ ಅದರ ನಿರ್ದೇಶಕ. ಮುನ್ನೋಟವನ್ನು ಸುಳ್ಳಾಗಿಸಿದವರು ಇವರಿಬ್ಬರೇ, ಇಬ್ಬರಿಗೂ ಅದು ಮೊದಲೇ ಗೊತ್ತಿತ್ತು. ಸಾಮಾನ್ಯ ಪ್ರಜೆಯೊಬ್ಬಳಿಗೆ ಭವಿಷ್ಯ ತಿಳಿಯುವುದು ಒಂದು ಗಳಿಗೆ ಮಾತ್ರ: ಮಾಲ್‌ನಲ್ಲಿ ಓಡುತ್ತಿರುವಾಗ ಅಗಾಥಾ, ಎದುರಾದ ಅಪರಿಚಿತ ಹೆಂಗಸಿಗೆ ‘ಅವನಿಗೆ ವಿಷಯ ತಿಳಿದಿದೆ, ಮನೆಗೆ ಹೋಗಬೇಡ’ ಎನ್ನುತ್ತಾಳೆ. ಹೇಳಿದವಳು ಸರ್ಕಾರದ ತೊಟ್ಟಿಯಿಂದ ಹೊರಬಿದ್ದ ಪ್ರಿಕಾಗ್. ನನ್ನ ಮಟ್ಟಿಗೆ ಇಡೀ ಚಿತ್ರದ ಅತ್ಯಂತ ರಾಜಕೀಯ ಗಳಿಗೆ ಇದು; ಬೆನ್ನಟ್ಟುವಿಕೆಯ ಭರಾಟೆಯಲ್ಲಿ ಕಳೆದುಹೋಗುತ್ತದೆ.

ಆಂಡರ್ಟನ್ನನೇ ಬಂಧನಕ್ಕೊಳಗಾದ ನಂತರದ ಕಥೆಯೆಲ್ಲ ಅವನ ಕನಸು ಎಂಬ ಓದೂ ಇದೆ. ಜಾಣತನದ್ದೇ, ಆದರೆ ಅದನ್ನು ಒಪ್ಪಿದರೆ ಬರ್ಜೆಸ್‌ನ ಆಯ್ಕೆಗೆ ತೂಕವಿಲ್ಲದಂತಾಗುತ್ತದೆ. ಆದ್ದರಿಂದ ನನಗೆ ಒಪ್ಪಿಗೆಯಿಲ್ಲ. ಅದಕ್ಕಿಂತ ಹೆಚ್ಚು ಗಮನಕ್ಕೆ ಅರ್ಹವಾದದ್ದು ಮುಕ್ತಾಯದ ನಿರೂಪಣೆ. ಪ್ರಿಕ್ರೈಮ್ ರದ್ದಾಯಿತು, ಕೈದಿಗಳಿಗೆಲ್ಲ ಬೇಷರತ್ ಕ್ಷಮಾದಾನ ಸಿಕ್ಕಿತು ಎನ್ನುವ ಆ ನಿರೂಪಣೆ, ಅವರಲ್ಲಿ ಅನೇಕರ ಮೇಲೆ ಪೊಲೀಸರು ಮುಂದೆಯೂ ವರ್ಷಗಟ್ಟಲೆ ಕಣ್ಣಿಟ್ಟಿದ್ದರು ಎಂಬುದನ್ನೂ ಸೇರಿಸುತ್ತದೆ.