ಲಿವರ್‌ಗೆ ಹರಡಿದ ಮೇಲೆ ಆಪರೇಷನ್ ಬೇಕಾ?

ತುರ್ಭೆಯಿಂದ ಖಾರ್ಘರ್ ದೂರವೇನಲ್ಲ. ಟಾಟಾ ಮೆಮೋರಿಯಲ್‌ನ ಆಕ್ಟ್ರೆಕ್ ಇರೋದು ಅಲ್ಲೇ. ಸ್ತನ ಕ್ಯಾನ್ಸರ್ ಲಿವರ್‌ಗೆ ಹರಡಿದೆ ಅಂದ ಕೂಡಲೇ ಮನೆಯವರು ಕೇಳೋದು, "ಎದೆಯ ಗಡ್ಡೆ ತೆಗೆದುಬಿಡಬಹುದಲ್ವಾ?" ಇದನ್ನೇ ಟಾಟಾದ ಡಾ. ರಾಜೇಂದ್ರ ಬಡ್ವೆ ತಂಡ 2005ರಿಂದ 350 ರೋಗಿಗಳಲ್ಲಿ ಪರೀಕ್ಷಿಸಿತು. 2015ರಲ್ಲಿ ಉತ್ತರ ಪ್ರಕಟವಾಯ್ತು: ತೆಗೆದರೂ ಆಯಸ್ಸು ಹೆಚ್ಚಲಿಲ್ಲ.

ಹಾಗಾಗಿ ಮೈಯೆಲ್ಲ ಸುತ್ತೋ ಔಷಧಿಯೇ ಮುಖ್ಯ. ಹಾರ್ಮೋನ್ ದಾರಿ ಹಳೇದು ನೋಡಿ. ಅಂಡಾಶಯ ತೆಗೆದರೆ ಗಡ್ಡೆ ಕುಗ್ಗುತ್ತೆ ಅಂತ ಗ್ಲಾಸ್ಗೋದ ಬೀಟ್ಸನ್ 1896ರಲ್ಲೇ ಬರೆದಿದ್ದರು. ಹರ್‌2 ಇದ್ದವರಿಗೆ 1998ರಲ್ಲಿ ಟ್ರಾಸ್ಟುಜುಮ್ಯಾಬ್ ಬಂತು, ಬೆಲೆ ಮಾತ್ರ ಕೈಗೆಟುಕದ್ದು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದೇ ಬಗೆಯದನ್ನ ಕಡಿಮೆ ಬೆಲೆಗೆ ತಂತು.

ಲಿವರ್‌ನಲ್ಲಿ ಒಂದೆರಡೇ ಗಂಟಿದ್ದರೆ ಸರ್ಜರಿ, ಅಬ್ಲೇಶನ್ ಕೆಲವರಿಗಷ್ಟೇ. ಲಿವರ್ ಗಂಟಿನ ಬಯಾಪ್ಸಿ ಬೇಕಾ ಅಂತ ಡಾಕ್ಟರನ್ನ ಕೇಳಿ. ಹರಡಿದ ಗಂಟಿನ ಗುಣ ಕೆಲವೊಮ್ಮೆ ಬದಲಾಗಿರುತ್ತೆ, ಔಷಧಿಯೂ ಬದಲಾಗಬೇಕಾಗುತ್ತೆ.